ಹೆಸರು ಅಳಿಸುವವರ ಚಾಪೆ

ಧೂಳಪ್ಪ ಕಾಕಾ ಎಂಥ ಹಟಮಾರಿ ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಸೊಲ್ಲಾಪುರ ಪೇಟೆಯಲ್ಲಿರುವ ನಮ್ಮ ಭಾಂಡಿ ಅಂಗಡಿಯ ಮೆಟ್ಟಿಲ ಪಕ್ಕ ಹರಕು ಚಾಪೆ ಹಾಸಿಕೊಂಡು, ಗಿರಾಕಿಗಳು ಕೊಂಡ ಪಾತ್ರೆಗಳಿಗೆ ಹೆಸರು ಕೊರೆಯುವುದು ಅವರ ಕೆಲಸ. ಅವರನ್ನು ಅಲ್ಲಿ ಕೂರಿಸಿದವರು ನನ್ನ ಮಾವ ಶಂಕರೆಪ್ಪನವರು. ಮಾವ ಹೋದರು, ನನ್ನ ಗಂಡ ಸಾತಲಿಂಗಪ್ಪನವರೂ ಹೋದರು, ಅಂಗಡಿ ನನ್ನ ತಲೆಗೆ ಬಂತು. ಚಾಪೆ ಮಾತ್ರ ಇದ್ದಲ್ಲೇ ಇದೆ. ನಾನು ಕಸ್ತೂರಬಾಯಿ. ಬಾಯಿ ಜೋರು ಎಂದು ಪೇಟೆಯೆಲ್ಲ ಅನ್ನುತ್ತದೆ, ಅದರಲ್ಲಿ ಸುಳ್ಳೇನೂ ಇಲ್ಲ. ನನ್ನ ಬಾಯಿಗೆ ಜಗ್ಗದವರೆಂದರೆ ಈ ಮುದುಕರೊಬ್ಬರೇ.

ಅವರದು ಅಕ್ಕಲಕೋಟ ತಾಲೂಕಿನ ಹನ್ನೂರ, ಇವತ್ತಿಗೂ ದಿನಾ ಅಲ್ಲಿಂದಲೇ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಹೊಲ, ಎತ್ತು, ಕಣಜ ಎಲ್ಲ ಇದ್ದ ಮನೆತನ. ಅಣ್ಣತಮ್ಮಂದಿರು ತೊಗರಿ ಜೋಳ ಎಂದು ಮಣ್ಣು ಹಿಡಿದರೆ ಇವರು ಚಾಣ ಸುತ್ತಿಗೆ ಹಿಡಿದರು. ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. "ಹೊಲದಾಗ ಬರದದ್ದು ಒಂದು ಮಳಿಗಿ ಹೋಗತದ ವೈನಿ. ತಾಮ್ರದಾಗ ಬರದ್ರ ಮೊಮ್ಮಕ್ಕಳು ಓದತಾರ" ಎಂದರು. ಈಗ ಕರೆಂಟಿನ ಪೆನ್ನು ಬಂದಿದೆ, ಅದನ್ನೂ ಇಟ್ಟುಕೊಂಡಿದ್ದಾರೆ. ಆದರೆ ತಾಮ್ರ ಹಿತ್ತಾಳೆ ಕಂಡರೆ ಪೆನ್ನು ಬದಿಗಿಟ್ಟು ಚಾಣವನ್ನೇ ತೆಗೆಯುತ್ತಾರೆ. ಕನ್ನಡವೋ ಮರಾಠಿಯೋ, ಕೇಳಿದ ಲಿಪಿಯಲ್ಲಿ ಹಾಕಿಕೊಡುತ್ತಾರೆ. ಮಧ್ಯಾಹ್ನ ಗಂಟು ಬಿಚ್ಚಿದರೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಚಹಾ ಮಾತ್ರ ನನ್ನ ಲೆಕ್ಕದಲ್ಲಿ ಕೇಳಿ ಕುಡಿಯುತ್ತಾರೆ.

ನಾನು ತವರೂರು ಮರವಡೆಯಿಂದ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಅತ್ತೆ ಗುರುಬಾಯಿ ನನ್ನನ್ನು ಅಂಗಡಿಗೆ ಕರೆತಂದಿದ್ದರು. ತವರಿನಿಂದ ಬಂದ ತಾಮ್ರದ ತಂಬಿಗೆಗೆ ಹೆಸರು ಹಾಕಿಸಬೇಕಿತ್ತು. ಕಾಕಾ ಚಾಣ ಕೈಯಲ್ಲಿ ಹಿಡಿದು ಕೂತರು, ಹೊಡೆಯಲೊಲ್ಲರು. "ಗಂಡನ ಹೆಸರು ಒಡಪು ಕಟ್ಟಿ ಹೇಳಬೇಕು. ಇಲ್ಲಂದ್ರ ಬರಿಯೂದಿಲ್ಲ." ನಾನೇನು ಕಡಿಮೆಯೇ? "ತಾಮ್ರದ ಹಂಡ್ಯಾಗ ಕಾದಾವ ನೀರ, ಸಾತಲಿಂಗಪ್ಪನವರ ಹೆಸರ ಹೇಳೀನಿ, ಕಾಕಾ ಸರೀರಿ ದೂರ" ಎಂದುಬಿಟ್ಟೆ. ಗಲ್ಲಾದ ಮೇಲೆ ಕೂತಿದ್ದ ಮಾವನವರೂ ನಕ್ಕರು. ತಂಬಿಗೆಯ ಕೊರಳ ಕೆಳಗೆ ಕನ್ನಡದಲ್ಲಿ ಮೂಡಿತು: ಸೌ. ಕಸ್ತೂರಬಾಯಿ ಸಾತಲಿಂಗಪ್ಪ. ಗಂಡ ಹೋದ ಮೇಲೆ ಆ 'ಸೌ.' ನೋಡಲಾಗದೆ, ತಂಬಿಗೆಯನ್ನು ಅಕ್ಕಲಕೋಟದ ಹಳೆಮನೆಯ ಅಟ್ಟಕ್ಕೆ ಏರಿಸಿದೆ.

ಆ ಅಟ್ಟದ ವಿಷಯ ಹೇಳಲೇಬೇಕು. ಅಕ್ಕಲಕೋಟದ ಮನೆಯಲ್ಲಿ ಈಗ ಯಾರೂ ಇಲ್ಲ, ಬೀಗ ಹಾಕಿದೆ. ಅಟ್ಟದ ಮೇಲೆ ಮಾತ್ರ ಅತ್ತೆ ಮಾವನ ಕಾಲದ ಹಂಡೆ, ಕೊಪ್ಪರಿಗೆ, ಪರಾತ, ಆಳೆತ್ತರದ ದೀಪದ ಸಮೆ ಎಲ್ಲವೂ ಗೋಣಿಯಲ್ಲಿ ಸುತ್ತಿಟ್ಟಿದ್ದವು. "ಈ ಭಾಂಡಿ ಇರೂತನಕ ಮನಿ ಬಿದ್ದಿಲ್ಲಂತ ತಿಳ್ಕೊ" ಎಂದು ಅತ್ತೆ ಸಾಯುವಾಗ ಹೇಳಿದ್ದರು. ಎಂಥ ಕೆಟ್ಟ ದಿನ ಬಂದರೂ ಅಟ್ಟ ತುಂಬಿದೆ ಎಂಬ ಧೈರ್ಯದ ಮೇಲೆ ನಾನು ಈ ಅಂಗಡಿ ನಡೆಸಿದೆ. ಇದ್ದ ಧೈರ್ಯ ಅದೊಂದೇ.

ಧೂಳಪ್ಪ ಕಾಕಾ ಹೆಸರು ಹಾಕುವುದಷ್ಟೇ ಅಲ್ಲ, ಅಳಿಸುವುದೂ ಉಂಟು. ನಮ್ಮ ಕಡೆ ಹೆಸರಿರುವ ಪಾತ್ರೆಯನ್ನು ಹಾಗೇ ಮಾರುವುದಿಲ್ಲ. ಹೆಸರಿನ ಜೊತೆಗೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆ ಎನ್ನುತ್ತಾರೆ. ಅದಕ್ಕೇ ಮೊದಲು ಚಾಪೆಗೆ ತರುತ್ತಾರೆ, ಕಾಕಾ ಕಾನಸವೆಂಬ ಅರದಿಂದ ತಿಕ್ಕಿ ತಿಕ್ಕಿ ಅಕ್ಷರ ತೆಗೆಯುತ್ತಾರೆ. ಇದರಲ್ಲಿ ಅವರದೊಂದು ನೇಮವಿದೆ. ಸತ್ತವರ ಹೆಸರಾದರೆ ಮನೆಯವರು ಯಾರು ತಂದರೂ ಅಳಿಸುತ್ತಾರೆ. ಬದುಕಿದವರದಾದರೆ ಆ ಹೆಸರಿನವರೇ ಬಂದು ಎದುರು ಕೂರಬೇಕು, ತಮ್ಮ ಬಾಯಿಂದಲೇ ಅಳಿಸು ಎನ್ನಬೇಕು, ಕೊನೆಯ ಅಕ್ಷರ ಹೋಗುವ ತನಕ ಏಳಕೂಡದು. ಅಳಿಸಿದ ಹೆಸರನ್ನು ಆಮೇಲೆ ಕಾಕಾ ಯಾರ ಮುಂದೆಯೂ ಎತ್ತುವುದಿಲ್ಲ. ಬ್ರಹ್ಮ ಬಂದು ಕೇಳಿದರೂ ಇಲ್ಲ. ಮೊದಲು ಅಣ್ಣತಮ್ಮಂದಿರು ಬೇರೆಯಾದಾಗ ಎಂದೋ ಒಮ್ಮೆ ಬರುತ್ತಿದ್ದ ಕೆಲಸವಿದು.

ನನ್ನ ಮಗ ನಿಲೇಶ ಅಂಗಡಿಗೆ ಬಂದ ಮೇಲೆ ಎಲ್ಲ ಬದಲಾಯಿತು. "ಮಮ್ಮಿ, ರೊಕ್ಕ ಎಣಿಸಿ ಕೊಟ್ಟು ತಗೊಳ್ಳೂ ಜಮಾನಾ ಮುಗೀತು" ಎಂದ. ಹಂಡೆ ಕೊಡ ಹಿಂದಕ್ಕೆ ಸರಿದವು, ಮುಂದೆ ಫ್ರಿಜ್ಜು, ಟಿವಿ, ವಾಷಿಂಗ್ ಮಶೀನು ನಿಂತವು. ಬಾಗಿಲ ಬಲಕ್ಕೆ ಒಂದು ಟೇಬಲ್ ಬಂತು, ಅದರ ಹಿಂದೆ ಯಾವುದೋ ಫೈನಾನ್ಸಿನ ಟೈ ಕಟ್ಟಿದ ಮನುಷ್ಯ. ಆಧಾರ ತೋರಿಸು, ಬೆರಳು ಒತ್ತು, ಫ್ರಿಜ್ ಒಯ್ಯಿ, ತಿಂಗಳ ಕಂತಿನ ಹಪ್ತೆ ಆಮೇಲೆ ಕಟ್ಟು. ಜನ ಮುಗಿಬಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ನಾನು ಗೊಣಗಿದರೆ ಎಡಕ್ಕೆ ಕೂತ ಕಾಕಾ ತಲೆ ಎತ್ತದೆ ಅಂದರು, "ಹಾಸಿಗಿನೂ ಹಪ್ತೇದ ಮ್ಯಾಲೆ ಸಿಗತದಲ್ರಿ ವೈನಿ. ಕಾಲು ಎಷ್ಟರ ಚಾಚ್ಲಿ ಬಿಡ್ರಿ."

ಎರಡು ದೀಪಾವಳಿ ಚೆನ್ನಾಗಿಯೇ ಹೋದವು. ಆಮೇಲೆ ಊರಿನ ಸದ್ದು ಕಡಿಮೆಯಾಗುತ್ತ ಬಂತು. ಟಾವೆಲ್ ಕಾರಖಾನೆಗಳಲ್ಲಿ ರಾತ್ರಿ ಪಾಳಿ ನಿಂತಿತು, ಹೊರದೇಶದ ಆರ್ಡರ್ ಇಲ್ಲವಂತೆ ಎಂದರು. ನಂತರ ಹಗಲು ಪಾಳಿಯೂ ವಾರದಲ್ಲಿ ಅರ್ಧಕ್ಕೆ ಇಳಿಯಿತು. ನಮ್ಮ ಎದುರಿನ ಬಂಗಾರದ ಅಂಗಡಿಯವರು ಮಾರುವುದಕ್ಕಿಂತ ಅಡವು ಇಟ್ಟುಕೊಳ್ಳುವುದರಲ್ಲೇ ಇರುತ್ತಿದ್ದರು. ಲಗ್ನದ ಹಂಗಾಮಿನಲ್ಲೂ ಹಂಡೆ ಕೇಳುವವರಿಲ್ಲ. ಮಧ್ಯಾಹ್ನ ಪೇಟೆಯಲ್ಲಿ ಅಂಗಡಿಕಾರರೇ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿರುತ್ತಿದ್ದರು.

ಬಲಗಡೆಯ ಟೇಬಲ್ಲಿಗೆ ಬಂದವರೇ ಈಗ ಎಡಗಡೆಯ ಚಾಪೆಗೆ ಬರತೊಡಗಿದರು. ಟಾವೆಲ್ಲಿಗೆ ಅಂಚು ಹೊಲಿಯುವ ಲೀಲಾಬಾಯಿ ದೀಪಾವಳಿಗೆ ಫ್ರಿಜ್ ಒಯ್ದವಳು, ಯುಗಾದಿಗೆ ತವರಿನ ಕೊಡ ಹಿಡಿದು ಬಂದಳು. ಕಾಕಾನ ಎದುರು ಕೂತು ಮುಖ ಆಚೆ ತಿರುಗಿಸಿದಳು. "ಈ ಕಡೆ ನೋಡಬೇಕವ್ವ" ಎಂದರು ಕಾಕಾ. ಅವಳು ನೋಡಿದಳು. ಕಾನಸ ಅವಳ ಹೆಸರಿನ ಮೇಲೆ ಓಡಾಡುತ್ತಿರುವಾಗ ನನಗೆ ಹೇಳಿದಳು, "ಫ್ರಿಜ್‌ನ್ಯಾಗ ಇಡಾಕ ಏನೂ ಇಲ್ರಿ ಅಕ್ಕಾ. ಹಪ್ತೆ ಮಾತ್ರ ತಪ್ಪಂಗಿಲ್ಲ." ನಾನು ಅವಳಿಗೆ ಚಹಾ ತರಿಸಿದೆ. ಮನಸ್ಸಿನಲ್ಲಿ ಮಾತ್ರ, ಯಾರು ಒಯ್ಯು ಅಂದಿದ್ದರು ಇವಳಿಗೆ ಎಂದೇ ಅಂದುಕೊಂಡೆ. ಆಮೇಲೆ ಕೊಡವನ್ನು ತೂಕ ಮಾಡಿ ನಾನೇ ಕೊಂಡೆ.

ಹೌದು, ಕೊಳ್ಳುತ್ತಿದ್ದೆ. ಹೊಸ ಮಾಲು ಹೋಗದಿದ್ದಾಗ ಹಳೆಯದಾದರೂ ಬರಲಿ ಎಂದು ಅದನ್ನೇ ವ್ಯಾಪಾರ ಮಾಡಿಕೊಂಡೆ. ಅಗ್ಗಕ್ಕೆ ತೂಗಿ ತೆಗೆದುಕೊಂಡು, ಗೋಣಿ ತುಂಬಿದ ಮೇಲೆ ಟೆಂಪೋದಲ್ಲಿ ಕರಗಿಸುವ ಭಟ್ಟಿಗೆ ಕಳಿಸುತ್ತಿದ್ದೆ. ನಾಲ್ಕು ಕಾಸು ಉಳಿಯುತ್ತಿತ್ತು. ಕಾಮಣ್ಣ ಎಂಬ ದಲಾಲಿ ಅಕ್ಕಲಕೋಟದ ಕಡೆಯಿಂದಲೂ ಮಾಲು ತರುತ್ತಿದ್ದ. ಎಲ್ಲದರ ಹೊಟ್ಟೆಯ ಮೇಲೂ ಹೆಸರು ತಿಕ್ಕಿದ ಕಡೆ ಗಾಯ ಮಾಯ್ದಂಥ ಒಂದು ಕಲೆ.

ಈ ನಡುವೆ ನಿಲೇಶನಿಗೆ ಒಮ್ಮೆಲೇ ದೇವರ ಮೇಲೆ ಭಕ್ತಿ ಬಂತು. ಗುರುವಾರ ಬಂದರೆ ಸಾಕು, ಸ್ವಾಮಿಗಳ ದರ್ಶನ ಎಂದು ಅಕ್ಕಲಕೋಟಕ್ಕೆ ಗಾಡಿ ಹೊಡೆಯುತ್ತಿದ್ದ. ಮನೆಯನ್ನೂ ಒಮ್ಮೆ ನೋಡಿಕೊಂಡು ಬರುತ್ತೇನೆ ಎಂದು ಬೀಗದ ಕೈ ತನ್ನ ಹತ್ತಿರವೇ ಇಟ್ಟುಕೊಂಡ. ನನಗೆ ಖುಷಿ. ಸೊಸೆ ಮಯೂರಿಗೆ ಹೇಳಿದೆ, "ನೋಡವಾ, ನಿನ್ನ ಗಂಡ ದಾರಿಗಿ ಬಂದ." ಆಗಾಗ ಅವಳ ಫೋನು ಹೊಡೆದುಕೊಳ್ಳುತ್ತಿತ್ತು, ಅವಳು ಅದನ್ನು ಸೆರಗಿನ ಕೆಳಗೆ ಒತ್ತಿ ಹಿಡಿಯುತ್ತಿದ್ದಳು.

ಒಂದು ಸಂಜೆ ನಿಲೇಶ ನನ್ನ ಮುಖದ ಮುಂದೆ ಫೋನು ಹಿಡಿದ. "ಮಮ್ಮಿ, ಇದರಾಗ ನೋಡು. ಈಗ ಕಣ್ಣು ಮಿಟಿಕಿಸು. ತಲಿ ಸ್ವಲ್ಪ ಆ ಕಡೆ ಹೊಳ್ಳಸು." ನಾನು ಕೂದಲು ಸರಿಮಾಡಿಕೊಂಡು ಮಿಟುಕಿಸಿದೆ. "ಯಾಕಪಾ, ನನಗೇನು ಸಿನಿಮಾದಾಗ ಹಾಕ್ತಿ?" ಎಂದೆ. ಅವನೂ ನಕ್ಕ. ಬಳಿಕ ನನ್ನ ಫೋನಿಗೆ ಬಂದ ಒಂದು ನಂಬರು ಓದಿ ಹೇಳು ಎಂದ, ಓದಿದೆ. ಬ್ಯಾಂಕಿನ ಕೆಲಸಗಳು ಈಗ ಹೀಗೇ ನಡೆಯುತ್ತವೆ ಎಂದು ಅಂದುಕೊಂಡೆ.

ಮರುವರ್ಷ ಹೋಳಿ ಕಳೆದ ಮೇಲೆ ಕಾಮಣ್ಣ ಭಾರೀ ಮಾಲು ತಂದ. ಇಬ್ಬರು ಹಿಡಿದು ಇಳಿಸಬೇಕಾದ ತಾಮ್ರದ ಹಂಡೆ, ದಪ್ಪ ಹಿತ್ತಾಳೆ ಪರಾತ, ಮೂರು ತುಂಡಾಗಿ ಬಿಚ್ಚಿದ ಸಮೆ. ಎಲ್ಲದಕ್ಕೂ ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ಬರಿಸಿದ್ದರು. "ಯಾವ ದೊಡ್ಡ ಮನಿ ಬಿತ್ತೋ, ಪಾಪ" ಎಂದೆ. ಗಲ್ಲಾದಲ್ಲಿದ್ದ ರೊಕ್ಕವನ್ನೆಲ್ಲ ಅದಕ್ಕೇ ಸುರಿದೆ. ತಕ್ಕಡಿಗೆ ಏರಿಸುವಾಗ ಧೂಳಪ್ಪ ಕಾಕಾ ಚಾಪೆ ಬಿಟ್ಟು ಎದ್ದು ಬಂದರು. ಅವರು ಹಾಗೆ ಎದ್ದು ಬರುವವರೇ ಅಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತರು.

"ಭಟ್ಟಿಗಿ ಕಳಸೂಕಿಂತ ಮೊದಲ ಒಂದ್ಸಲ ಕೈಯಾಡಸಿ ನೋಡ್ರಿ ವೈನಿ."

"ಕೈಯಾಡಸಿ ಏನ ಮಾಡ್ಲಿ, ಆರತಿ ಎತ್ಲ್ಯಾ?" ಎಂದು ನಾನು ಹರಿಹಾಯ್ದೆ. "ಟೆಂಪೋ ನಿಂತದ, ಬಾಡಗಿ ಏರತದ. ಸರೀರಿ."

ಅವರು ಸರಿದರು. ಟೆಂಪೋ ಹೋಯಿತು. ಅಂದು ಅವರು ಚಹಾ ಕುಡಿಯಲಿಲ್ಲ, ಬಸ್ಸಿಗೂ ಬೇಗನೆ ಎದ್ದು ಹೋದರು.

ಬೇಸಿಗೆ ಏರುತ್ತಿದ್ದಂತೆ ಮಾಲು ಕೊಟ್ಟ ಹೋಲ್‌ಸೇಲಿನವರು ಬಾಗಿಲಿಗೆ ಬಂದು ಕೂರತೊಡಗಿದರು. ನಿಲೇಶನನ್ನು ಕೇಳಿದರೆ ಆಗತದ ಮಮ್ಮಿ, ಆಗತದ ಎನ್ನುತ್ತಿದ್ದ. ಟೈ ಕಟ್ಟಿದ ಮನುಷ್ಯ ಬರುವುದನ್ನು ನಿಲ್ಲಿಸಿದ್ದ, ಟೇಬಲ್ ಖಾಲಿ ಇತ್ತು. ಇನ್ನು ತಡೆಯುವುದಿಲ್ಲ ಅನ್ನಿಸಿತು. ಅತ್ತೆಯ ಮಾತು ಮೀರಿ ಅಟ್ಟದ ಭಾಂಡಿ ಇಳಿಸುವುದೇ ಎಂದು ನಾನು ಗಟ್ಟಿ ಮನಸ್ಸು ಮಾಡಿದೆ. ಅಷ್ಟು ಮಾರಿದರೆ ಅಂಗಡಿ ಉಳಿಯುತ್ತಿತ್ತು. ಬರುವ ಸೋಮವಾರ ನಾನೇ ಅಕ್ಕಲಕೋಟಕ್ಕೆ ಹೋಗುವುದೆಂದು ಮಯೂರಿಗೆ ಹೇಳಿದೆ. ಅವಳು ಲೋಟ ತುಂಬಿದ ಮೇಲೂ ಚಹಾ ಸುರಿಯುತ್ತಲೇ ಇದ್ದಳು. ಹುಡುಗಿಗೆ ಲಕ್ಷ್ಯವೇ ಇಲ್ಲ ಎಂದು ಬೈದೆ.

ಅದು ಬುಧವಾರ. ಗುರುವಾರ ನಿಲೇಶ ಎಂದಿನಂತೆ ದರ್ಶನಕ್ಕೆ ಹೋಗಿ ಬಂದ.

ಶುಕ್ರವಾರ ಬೆಳಿಗ್ಗೆ ನಾನು ಅಂಗಡಿಗೆ ನೀರು ಚಿಮುಕಿಸಿ ಊದುಬತ್ತಿ ಹಚ್ಚುತ್ತಿದ್ದೆ. ಧೂಳಪ್ಪ ಕಾಕಾ ಚಾಪೆ ಹಾಸಿ ನನ್ನನ್ನು ಕರೆದರು.

"ವೈನಿ, ಸ್ವಲ್ಪ ಇಲ್ಲಿ ಬಂದು ಕುಂದರ್ರಿ."

"ಗಿರಾಕಿ ಬರೂ ಹೊತ್ತಿನ್ಯಾಗ ನಾ ಎಲ್ಲಿ ಕುಂದರ್ಲಿ?"

"ಗಿರಾಕಿ ಎಲ್ಲ್ಯದಾವ್ರಿ? ಬರ್ರಿ. ಒಂದು ಹೆಸರು ಅಳಸೂದದ. ಹೆಸರಿನವರು ಮುಂದ ಇರಬೇಕಲ್ಲ."

ಯಾರೋ ಹೆಣ್ಣುಮಗಳು ಬಂದಿರಬೇಕು, ನಾಚಿಕೊಂಡು ನನ್ನನ್ನು ಜೊತೆಗೆ ಕೇಳಿರಬೇಕು ಎಂದುಕೊಂಡು ಇಳಿದು ಬಂದೆ. ಯಾರೂ ಇರಲಿಲ್ಲ. ಲೀಲಾಬಾಯಿ ಕೂತಿದ್ದ ಜಾಗವನ್ನು ಕಾಕಾ ಕೈಯಿಂದ ತೋರಿಸಿದರು. ಕೂತೆ. ಅವರು ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿ ನನ್ನ ಮುಂದೆ ಇಟ್ಟರು. ತಾಮ್ರದ ತಂಬಿಗೆ. ಕೊರಳ ಕೆಳಗೆ ಅವರದೇ ಕೈಯ ಅಕ್ಷರ, ಸೌ. ಕಸ್ತೂರಬಾಯಿ ಸಾತಲಿಂಗಪ್ಪ.

ನನಗೆ ಕೂಡಲೇ ಏನೂ ತಿಳಿಯಲಿಲ್ಲ. ತವರಿನ ನೆನಪಾಯಿತು, ಅಷ್ಟೇ. ಆಮೇಲೆ ಹೊಳೆಯಿತು. ಅದು ಅಟ್ಟದ ಮೇಲೆ ಇರಬೇಕಾದ ತಂಬಿಗೆ, ಆ ಮನೆಯ ಬೀಗದ ಕೈ ಇರುವುದು ಒಬ್ಬನ ಹತ್ತಿರವೇ.

"ಇದು ಹ್ಯಾಂಗ ಬಂತ್ರಿ?"

"ನಿನ್ನಿ ಸಂಜಿಮುಂದ ಹನ್ನೂರಾಗ ನಮ್ಮ ಮನಿಗಿ ತಂದವರು ಅಜ್ಜೀದು ಅಂದ್ರು. ಓದಾಕ ಬರಂಗಿಲ್ಲ ಅವರಿಗಿ."

"ಇದರ ಜೋಡಿ ಇದ್ದದ್ದು?"

ಕಾಕಾ ಗಂಟಿನ ಬಟ್ಟೆ ಮಡಚಿಟ್ಟರು. "ಸತ್ತವರ ಹೆಸರೆಲ್ಲ ಮುಗದಾವ, ವೈನಿ."

ಹಂಡೆ, ಪರಾತ, ಬಿಚ್ಚಿದ ಸಮೆ ಎಲ್ಲ ಕಣ್ಣ ಮುಂದೆ ಬಂದವು. ತಕ್ಕಡಿ ಹಿಡಿದವಳು ನಾನು, ರೊಕ್ಕ ಸುರಿದವಳು ನಾನು, ಬಾಡಿಗೆ ಏರುತ್ತದೆ ಎಂದು ಓಡಿಸಿದವಳೂ ನಾನೇ. ನನ್ನ ಅತ್ತೆಯ ಹಂಡೆ ನನ್ನ ಕೈಯಿಂದಲೇ ಭಟ್ಟಿಗೆ ಹೋಗಿ ಕರಗಿತ್ತು. ಸಿಟ್ಟು ಎಲ್ಲಿಂದ ಬಂತೋ, ಎಲ್ಲವನ್ನೂ ಆ ಮುದುಕರ ಮೇಲೆ ಹಾಕಿದೆ.

"ನಿಮ್ಮ ಬಾಯಿಗಿ ಏನು ಬೆಣಿ ಬಡದಿತ್ತ? ಈ ಮನಿ ಅನ್ನ ಉಂಡೀರಿ. ಒಂದು ಮಾತು ಹೇಳಾಕ ಬರತಿದ್ದಿಲ್ಲ?"

"ಅವ್ವಗ ಗೊತ್ತದ ಅಂದ್ರು, ನಂಬಿದೆ. ನೀವು ಹಂಡೆ ತೂಗಸುಮುಂದ ನಿಮ್ಮ ಮಾರಿ ನೋಡಿದೆ. ಗೊತ್ತಿಲ್ಲಂತ ಆವಾಗ ತಿಳೀತು. ಕೈಯಾಡಸ್ರಿ ಅಂದೆ. ನನ್ನ ಕಡಿಂದ ಅಷ್ಟ ಆತು." ಅವರು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು. "ಇದು ಜೀವಂತ ಇದ್ದವರ ಹೆಸರು. ಇದಕ್ಕ ನಾ ಯಾರಿಗಿ ಅಂಜಬೇಕು?"

ಅಷ್ಟರಲ್ಲಿ ನಿಲೇಶ ಬಂದ. ಚಾಪೆಯ ಮುಂದೆ ನಾನು ಕೂತದ್ದನ್ನು ನೋಡಿ ಗಾಡಿಯ ಹತ್ತಿರವೇ ನಿಂತ. ಕರೆದೆ. ತಂಬಿಗೆ ಅವನ ಕೈಯಲ್ಲಿಟ್ಟೆ.

"ಇದರ ಮ್ಯಾಲೆ ಏನು ಬರದದ, ಓದು."

"ಅಜ್ಜೀ ಹೆಸರಲ್ಲ?"

"ನನ್ನ ಹೆಸರಪಾ ಇದು. ನಿಮ್ಮಪ್ಪನ ಹೆಸರೂ ಅದ ಇದರಾಗ."

ಅವನನ್ನು ಮರಾಠಿ ಸಾಲೆಗೆ ಹಾಕಿದವರು ನಾವೇ, ಕನ್ನಡ ಕಲಿಸಲಿಲ್ಲ. ಅವನು ಮೆಟ್ಟಿಲ ಮೇಲೆ ಕೂತ. ಆಮೇಲೆ ಎಲ್ಲ ಹೊರಗೆ ಬಂತು. ಫ್ರಿಜ್ಜು ಟಿವಿ ತುಂಬಲು ಒಂದು ಕ್ರೆಡಿಟ್ ಕಾರ್ಡು, ಅದನ್ನು ತೀರಿಸಲು ಇನ್ನೊಂದು, ಅದಕ್ಕೆ ಫೋನಿನಲ್ಲೇ ಸಾಲ ಕೊಡುವ ಆ್ಯಪು, ಆ ಆ್ಯಪಿಗೆ ಮತ್ತೊಂದು. ಗಿರಾಕಿಗಳ ಕಾರಖಾನೆ ನಿಂತಿತು, ಅಂಗಡಿ ನಿಂತಿತು, ಬಡ್ಡಿ ಮಾತ್ರ ನಿಲ್ಲಲಿಲ್ಲ. ವಸೂಲಿಯವರು ಮಯೂರಿಗೂ ಫೋನು ಮಾಡಿ ಬಾಯಿಗೆ ಬಂದದ್ದು ಅನ್ನುತ್ತಾರಂತೆ. "ಇವತ್ತು ಸಂಜೀತನಕ ಸ್ವಲ್ಪರೆ ತುಂಬಬೇಕು ಮಮ್ಮಿ. ಅಟ್ಟದ ಮ್ಯಾಲೆ ಉಳದದ್ದು ಇದೊಂದ."

ಹೊಡೆಯಬೇಕೆನಿಸಿತು. ಅಪ್ಪಿಕೊಳ್ಳಬೇಕೂ ಎನಿಸಿತು. ಎರಡನ್ನೂ ಮಾಡಲಿಲ್ಲ.

ಧೂಳಪ್ಪ ಕಾಕಾ ಕಾನಸ ಕೈಗೆ ತೆಗೆದುಕೊಂಡು ನೇಮ ತಪ್ಪದೆ ಕೇಳಿದರು, "ನೀವ ಹೇಳಬೇಕ್ರಿ ವೈನಿ. ಅಳಸಲೋ ಬ್ಯಾಡೋ?"

ಇಲ್ಲಿ ಕೂತ ಹೆಣ್ಣುಮಕ್ಕಳೆಲ್ಲ ಯಾಕೆ ಮುಖ ತಿರುಗಿಸುತ್ತಿದ್ದರು ಎಂದು ನನಗೆ ಆಗ ತಿಳಿಯಿತು. ಆದರೆ ನಾನು ತಿರುಗಿಸಲಿಲ್ಲ. ತಂಬಿಗೆಯನ್ನು ಮಗನ ಕೈಯಿಂದ ಕಸಿದು ಮಡಿಲಿಗೆ ಹಾಕಿಕೊಂಡೆ. "ಬ್ಯಾಡ. ಅಟ್ಟ ಹೋತು, ನಾಳೆ ಅಂಗಡಿನೂ ಹೋಗಲಿ. ನಾ ಇನ್ನ ಜೀವಂತ ಅದೀನಿ. ನನ್ನ ಹೆಸರು ನನ್ನ ಕಡೆನ ಇರಲಿ."

ನಿಲೇಶನ ಫೋನು ಹೊಡೆದುಕೊಂಡಿತು. ಅವನು ಅದನ್ನು ನೋಡಿ ಕೆಳಗೆ ಇಟ್ಟ. ಮತ್ತೆ ಹೊಡೆದುಕೊಂಡಿತು. "ಕೊಡು ಇಲ್ಲಿ" ಎಂದೆ.

"ಮಮ್ಮಿ, ಬ್ಯಾಡ."

ಕಸಿದುಕೊಂಡೆ. ಬೈಗುಳಕ್ಕೆ ತಯಾರಾಗಿದ್ದೆ, ಆದರೆ ಆ ಕಡೆ ಒಬ್ಬ ಹುಡುಗಿಯ ಮೆತ್ತಗಿನ ದನಿ, ಮರಾಠಿಯಲ್ಲಿ. ನಾನೂ ಮರಾಠಿಯಲ್ಲೇ ಹೇಳಿದೆ. ನಾನು ನಿಲೇಶನ ತಾಯಿ, ಇನ್ನು ಮೇಲೆ ಅವನಿಗೂ ಸೊಸೆಗೂ ಫೋನು ಮಾಡಬೇಡಿ, ಏನಿದ್ದರೂ ನನಗೆ ಹೇಳಿ. ನಾನೇನು ಓಡಿಹೋಗುವವಳಲ್ಲ, ನನ್ನ ಹೆಸರು ಬರೆದುಕೋ ಎಂದು ನನ್ನ ಹೆಸರು, ಗಂಡನ ಹೆಸರು ಎರಡನ್ನೂ ಬಿಡಿಸಿ ಬಿಡಿಸಿ ಹೇಳಿದೆ.

ಆ ಕಡೆ ಗುಂಡಿ ಒತ್ತುವ ಸದ್ದು ಕೇಳಿತು. "ಹೌದು ಮಾವಶಿ" ಎಂದಳು ಹುಡುಗಿ. "ನಿಮ್ಮ ಹೆಸರು ನಮ್ಮಲ್ಲಿ ಮೊದಲೇ ಇದೆ. ನಿಮ್ಮ ಸಾಲದ ಸಲುವಾಗಿಯೇ ನಾನು ಫೋನು ಮಾಡಿದ್ದು. ನಂಬರು ಮಗನದು ಕೊಟ್ಟಿದ್ದೀರಿ. ಫೋಟೋನೂ ಇದೆ ನಿಮ್ಮದು."

ನಾನು ಕಣ್ಣು ಮಿಟುಕಿಸಿದ್ದು ನೆನಪಾಯಿತು. ಕೂದಲು ಸರಿಮಾಡಿಕೊಂಡದ್ದೂ ನೆನಪಾಯಿತು. ನಿಲೇಶನ ಕಡೆ ನೋಡಿದೆ, ಅವನು ತಲೆ ಎತ್ತಲಿಲ್ಲ. ಧೂಳಪ್ಪ ಕಾಕಾ ತಮ್ಮ ಕಾನಸವನ್ನು ಚೀಲಕ್ಕೆ ಹಾಕುತ್ತಿದ್ದರು. ಆ ಸಾಲದ ಮೇಲಿನ ಹೆಸರು ಅಳಿಸಬೇಕಾದರೆ ಯಾರ ಎದುರು ಹೋಗಿ ಕೂರಬೇಕು ಎಂದು ಅವರನ್ನು ಕೇಳಬೇಕೆನಿಸಿತು. ಫೋನಿನಲ್ಲಿ ಹುಡುಗಿ ಇನ್ನೂ ಮಾವಶಿ, ಮಾವಶಿ ಎಂದು ಕರೆಯುತ್ತಲೇ ಇದ್ದಳು.